ಗಾಜಿನ ಕೊಳಕ್ಕೊಂದು ಬೆಳಕು

ಶ್ರೀಮಠದ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಕನ್ನಡ ಪಂಡಿತನಾದವನು ಏನು ಬರೆಯತಕ್ಕದ್ದೆಂಬುದು ಬಹುಮಟ್ಟಿಗೆ ನಿಶ್ಚಿತವಾದ ವಿಷಯ. ಷಟ್ಪದಿಯ ಲಕ್ಷಣ, ಕುಮಾರವ್ಯಾಸನ ರೂಪಕಗಳು, ಕೇಶಿರಾಜನ ಸಂಧಿಪ್ರಕರಣ, ಶರಣರ ಕಾಯಕತತ್ತ್ವ, ಇವುಗಳಲ್ಲೊಂದನ್ನು ಹಿಡಿದು ಹೊರಟರೆ ಬರೆಯುವವನಿಗೂ ಆಯಾಸವಿಲ್ಲ, ಓದುವವರಿಗೂ ಆಶ್ಚರ್ಯವಿಲ್ಲ. ಹಿಂದಿನ ಸಂಚಿಕೆಗಳಲ್ಲಿ ನಾನೂ ಆ ದಾರಿಯಲ್ಲಿಯೇ ನಡೆದಿದ್ದೇನೆ. ಈ ಸಲ ಸಂಪಾದಕ ಮಂಡಳಿಯ ಮುಂದೆ ಬೇರೊಂದು ವಿಷಯವನ್ನಿಟ್ಟೆ: ಮೀನು ಸಾಕುವ ಗಾಜಿನ ತೊಟ್ಟಿಗೆ ಎಂತಹ ಬಿಳಿಯ ದೀಪ ಹಾಕಬೇಕೆಂಬುದು. ಮಂಡಳಿಯವರು ಮೊದಲು ನಕ್ಕರು, ಅನಂತರ ಒಪ್ಪಿದರು. ಈ ವಿಷಯ ತೋರಿಕೆಗೆ ಅಲ್ಪವಾದರೂ ಅದರೊಳಗೆ ಶಾಲೆಗೂ ದಾನಿಗಳಿಗೂ ಸಂಬಂಧಿಸಿದ ಒಂದು ಮಾತು ಅಡಗಿದೆಯೆಂಬುದು ನನ್ನ ನಂಬಿಕೆ. ವಾಚಕರು ತಾಳ್ಮೆಯಿಂದ ಓದಿ ತೀರ್ಮಾನಿಸಬೇಕಾಗಿ ವಿನಂತಿ.

ಬಿಳಿಯೆಂಬುದು ಒಂದೇ ಬಣ್ಣವೆಂದು ನಾವೆಲ್ಲರೂ ಭಾವಿಸಿರುತ್ತೇವೆ. ಆದರೆ ನಮ್ಮ ನುಡಿ ಹಾಗೆ ಭಾವಿಸಿಲ್ಲ. 'ಬೆಳ್' ಎಂಬ ಒಂದು ಮೂಲದಿಂದ ಬೆಳಗು, ಬೆಳಕು, ಬೆಳ್ಳಿ, ಬೆಳ್ಳಕ್ಕಿ, ಬೆಳ್ಳುಳ್ಳಿ, ಬೆಳ್ದಿಂಗಳು ಹುಟ್ಟಿವೆ. ಬೆಳ್ಳುಳ್ಳಿಯ ಬಿಳುಪು ಬೆಳ್ಳಕ್ಕಿಗಿಲ್ಲ, ಬೆಳ್ಳಿಯ ಬಿಳುಪು ಬೆಳ್ದಿಂಗಳಿಗಿಲ್ಲ. ಶ್ರವಣಬೆಳ್ಗೊಳದ ಬೆಳ್ಗೊಳವೆಂಬುದು ಬೆಳ್ ಮತ್ತು ಕೊಳ ಸೇರಿ ಆದೇಶಸಂಧಿಯಾದ ರೂಪ. ಬಿಳಿಯ ಕೊಳವೆಂದು ಅರ್ಥ. ನೀರಿಗೂ ಬಿಳುಪಿಗೂ ನಮ್ಮ ಹಿರಿಯರು ಕಟ್ಟಿದ ನಂಟು ಅಷ್ಟು ಹಳೆಯದು. ಸಂಸ್ಕೃತದತ್ತ ಹೊರಳಿದರೆ ಅಮರಸಿಂಹನು ಶುಕ್ಲ, ಶ್ವೇತ, ಗೌರ, ಧವಳ ಮೊದಲಾಗಿ ಹತ್ತಕ್ಕೂ ಹೆಚ್ಚು ಹೆಸರುಗಳನ್ನು ಬಿಳಿಗೆ ಕೊಟ್ಟು, ಹಳದಿ ಬೆರೆತ ಬಿಳುಪನ್ನು ಪಾಂಡುವೆಂದು ಬೇರೆ ಇಟ್ಟು, ಅದಕ್ಕಿಂತ ಮಾಸಿದ್ದನ್ನು ಧೂಸರವೆಂದು ಮತ್ತೂ ಬೇರೆ ಮಾಡಿದ್ದಾನೆ. ಬಿಳುಪಿನಲ್ಲಿ ಬಗೆಗಳಿವೆಯೆಂಬ ಅರಿವು ಹೀಗೆ ಕೋಶಗಳಲ್ಲಿ ಭದ್ರವಾಗಿದ್ದರೂ, ಅದು ನನ್ನ ಕೈಗೆ ಕೆಲಸವಾಗಿ ಬಂದದ್ದು ಕಳೆದ ವರ್ಷ ಮಾತ್ರ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಈಗ ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರದಲ್ಲಿ ಹೆಸರು ಮಾಡಿದ್ದಾರೆ. ತಮ್ಮ ಹೆಸರನ್ನು ಅಚ್ಚಿನಲ್ಲಿ ಕಾಣಿಸಬಾರದೆಂಬುದು ಅವರ ಅಪೇಕ್ಷೆಯಾದುದರಿಂದ ಅವರನ್ನು ದಾನಿಗಳೆಂದೇ ಕರೆಯುತ್ತೇನೆ. ಅವರು ಶಾಲೆಯ ವಾಚನಾಲಯಕ್ಕೆ ನಾಲ್ಕು ಅಡಿ ಉದ್ದದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಗಾಜಿನ ತೊಟ್ಟಿಯೊಂದನ್ನು ಕೊಟ್ಟರು. ಅದು ಸುಮಾರು 250 ಲೀಟರು ನೀರು ಹಿಡಿಯುತ್ತದೆ. ವರದಾ ನದಿಯಿಂದ ತಂದು ತೊಳೆದ ಮರಳನ್ನು ತಳಕ್ಕೆ ಹರಡಿ, ಹೈಡ್ರಿಲ್ಲಾ ಮತ್ತು ವ್ಯಾಲಿಸ್ನೇರಿಯಾ ಎಂಬ ಜಲಸಸ್ಯಗಳನ್ನು ನೆಟ್ಟು, ಗಪ್ಪಿಗಳನ್ನೂ ಬಾರ್ಬ್ ಮೀನುಗಳನ್ನೂ ಕೆಂಪನೆಯ ಕತ್ತಿಬಾಲದ ಮೀನುಗಳನ್ನೂ ಬಿಟ್ಟದ್ದಾಯಿತು. ಉಳಿದದ್ದು ದೀಪ. ವಾಚನಾಲಯವು ಉತ್ತರಕ್ಕೆ ಮುಖ ಮಾಡಿದ್ದು, ಮಧ್ಯಾಹ್ನದಲ್ಲಿಯೂ ಅಲ್ಲಿ ಮಬ್ಬು. ಮುಖ್ಯೋಪಾಧ್ಯಾಯರು ದೀಪವನ್ನು ಆರಿಸಲು ಮೂವರನ್ನು ನೇಮಿಸಿದರು: ವಿಜ್ಞಾನ ಶಿಕ್ಷಕರು, ಚಿತ್ರಕಲಾ ಶಿಕ್ಷಕರು ಮತ್ತು ನಾನು. ಮೊದಲಿಬ್ಬರ ಯೋಗ್ಯತೆ ಸ್ಪಷ್ಟವಾಗಿದೆ. ನನ್ನದೇನೆಂದರೆ, ವಾಚನಾಲಯದ ಕೀಲಿಕೈ ನನ್ನ ಬಳಿ ಇರುತ್ತದೆ.

ರಾಣೆಬೆನ್ನೂರಿನ ಅಂಗಡಿಯೊಂದರಿಂದ ಪರೀಕ್ಷೆಗೆಂದು ಮೂರು ದೀಪಗಳನ್ನು ತಂದೆವು. ಮೂರೂ ಎಲ್.ಇ.ಡಿ. ದೀಪಗಳು, ಮೂರರ ಪೆಟ್ಟಿಗೆಯ ಮೇಲೂ 'ಬಿಳಿ' ಎಂದೇ ಬರೆದಿತ್ತು. ಆದರೆ ಒಂದರ ಮೇಲೆ 3000 ಕೆ, ಇನ್ನೊಂದರ ಮೇಲೆ 6500 ಕೆ, ಮೂರನೆಯದರ ಮೇಲೆ 10000 ಕೆ ಎಂಬ ಗುರುತುಗಳು. ಹೊತ್ತಿಸಿ ನೋಡಿದರೆ ಮೊದಲನೆಯದು ತುಪ್ಪದ ದೀಪದಂತೆ ಹೊಂಬಿಳುಪು. ಎರಡನೆಯದು ಮೋಡ ಕವಿದ ಹಗಲಿನಂತೆ ಶುಭ್ರ. ಮೂರನೆಯದು ನೀಲಿ ಹಾಕಿ ಒಗೆದ ಧೋತರದಂತೆ ತಣ್ಣನೆಯ ಬಿಳುಪು. ಈ 'ಕೆ' ಎಂದರೇನು?

ಗ್ಲಾಸ್ಗೋ ವಿಶ್ವವಿದ್ಯಾಲಯದ ಬಳಿ ಹರಿಯುವ ಒಂದು ಹೊಳೆಯ ಹೆಸರು ಕೆಲ್ವಿನ್. ಅಲ್ಲಿ ಪ್ರಾಧ್ಯಾಪಕರಾಗಿದ್ದ ವಿಲಿಯಂ ಥಾಮ್ಸನ್ (1824-1907) ಎಂಬ ವಿಜ್ಞಾನಿಗೆ ಪದವಿ ದೊರೆತಾಗ ಆ ಹೊಳೆಯ ಹೆಸರಿನಿಂದ ಲಾರ್ಡ್ ಕೆಲ್ವಿನ್ ಎಂದು ಕರೆಯಲಾಯಿತು. ಉಷ್ಣತೆಯನ್ನು ಅಳೆಯುವ ಮಾನಕ್ಕೆ ಆ ಹೆಸರೇ ನಿಂತಿದೆ. ನಮ್ಮ ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದರೆ ಕೆಲ್ವಿನ್ ಅಂಕಿ ದೊರೆಯುತ್ತದೆ. ಉಷ್ಣತೆಗೂ ಬಣ್ಣಕ್ಕೂ ಏನು ಸಂಬಂಧವೆಂಬುದನ್ನು ನಮ್ಮ ಊರಿನ ಕಮ್ಮಾರಸಾಲೆಯಲ್ಲಿ ನಿಂತು ನೋಡಿದ ಯಾರೂ ಕೇಳುವುದಿಲ್ಲ. ಕುಳವನ್ನು ಕುಲುಮೆಯಲ್ಲಿಟ್ಟಾಗ ಮೊದಲು ಮಂಕಾದ ಕೆಂಪು, ತಿದಿ ಒತ್ತಿದಂತೆ ಕಿತ್ತಳೆ, ಅನಂತರ ಹಳದಿ, ಕೊನೆಗೆ ಕಣ್ಣು ಕೋರೈಸುವ ಬಿಳುಪು. ಕುಲುಮೆ ಮುಟ್ಟಲಾರದ ಕಾವಿನಲ್ಲಿ ಆ ಬಿಳುಪು ನೀಲಿಯತ್ತ ವಾಲುತ್ತದೆ. ಮೇಣದ ಬತ್ತಿಯ ಬೆಳಕು ಸುಮಾರು 1900 ಕೆಲ್ವಿನ್, ಹಳೆಯ ತಂತಿಯ ಬಲ್ಬು ಸುಮಾರು 2700, ನಡುಹಗಲಿನ ಬಿಸಿಲು ಸುಮಾರು 5500, ಮೋಡದ ಹಗಲು 6500ರ ಆಸುಪಾಸು. ತಿಳಿಯಾದ ನೀಲಾಕಾಶದ ಬೆಳಕು 10000ವನ್ನೂ ಮೀರುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಅಂಗಡಿಯವರು 3000ದ ದೀಪವನ್ನು 'ಬೆಚ್ಚನೆಯ ಬಿಳಿ'ಯೆಂದೂ 6500ರದನ್ನು 'ತಂಪು ಬಿಳಿ'ಯೆಂದೂ ಮಾರುತ್ತಾರೆ. ಅಂಕಿ ಏರಿದಂತೆ ಹೆಸರು ತಣ್ಣಗಾಗುತ್ತದೆ! ವಿಜ್ಞಾನ ಶಿಕ್ಷಕರು ಇದನ್ನು ಅಸಂಬದ್ಧವೆಂದರು. ನಾನು ಹಾಗೆನ್ನಲಾರೆ. ಬೆಂಕಿಯನ್ನು ನೆನಪಿಸುವುದು ಬೆಚ್ಚಗೆ, ನೀರನ್ನೂ ಬಾನನ್ನೂ ನೆನಪಿಸುವುದು ತಂಪು, ಇದು ಲಕ್ಷಣಾರ್ಥ. ಬೆಳ್ದಿಂಗಳನ್ನು ನೋಡಿರಿ. ಅಳೆದರೆ ಅದು ಸುಮಾರು 4100 ಕೆಲ್ವಿನ್, ಬಿಸಿಲಿಗಿಂತ ಕೆಂಪಿನ ಕಡೆಗೇ ಇದೆ. ಆದರೂ ಮಂದವಾದ ಬೆಳಕಿನಲ್ಲಿ ನಮ್ಮ ಕಣ್ಣು ಅದನ್ನು ತಂಪಾಗಿಯೂ ನೀಲಿಯಾಗಿಯೂ ಕಾಣುತ್ತದೆ. ತೊಟ್ಟಿಗೆ 'ಚಂದ್ರಪ್ರಕಾಶ'ವೆಂದು ಮಾರುವ ಕಡುನೀಲಿಯ ದೀಪಗಳು ನಮ್ಮ ಕಣ್ಣಿನ ಭ್ರಮೆಗೆ ಸಮೀಪವಾಗಿವೆಯೇ ಹೊರತು ಚಂದ್ರನಿಗೆ ಸಮೀಪವಾಗಿಲ್ಲ.

ಇನ್ನು ಎಲ್.ಇ.ಡಿ. ದೀಪದ ವಿಚಾರ. ಅದರೊಳಗೆ ಯಾವುದೂ 6500 ಕೆಲ್ವಿನ್‌ಗೆ ಕಾಯುವುದಿಲ್ಲ. ಹಾಗೆ ಕಾದರೆ ದೀಪವೇ ಆವಿಯಾಗಿ ಹೋದೀತು. ಒಳಗಿರುವುದು ನೀಲಿ ಬೆಳಕು ಸೂಸುವ ಒಂದು ಪುಟ್ಟ ಹರಳು. ಅದರ ಮೇಲೆ ಹಳದಿಯ ಲೇಪ. ಲೇಪವು ಸ್ವಲ್ಪ ನೀಲಿಯನ್ನು ಹೀರಿ ಹಳದಿಯಾಗಿ ಹೊರಬಿಡುತ್ತದೆ. ಉಳಿದ ನೀಲಿಯೂ ಈ ಹಳದಿಯೂ ಬೆರೆತು ಕಣ್ಣಿಗೆ ಬಿಳಿಯೆನಿಸುತ್ತದೆ. ಲೇಪ ದಪ್ಪವಾದರೆ ಬೆಚ್ಚನೆಯ ಬಿಳಿ, ತೆಳುವಾದರೆ ತಂಪು ಬಿಳಿ. ಆ ನೀಲಿಯ ಹರಳನ್ನು ಸಾಧಿಸಿದ್ದಕ್ಕಾಗಿ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ, ಶೂಜಿ ನಕಮುರ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಮರುವರ್ಷದ ಕೊನೆಗೆ ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಎಂಬ ಹೆಸರಿನ ಯೋಜನೆಯಲ್ಲಿ 9 ವ್ಯಾಟಿನ ಎಲ್.ಇ.ಡಿ. ಬಲ್ಬುಗಳು ಮನೆಮನೆಗೆ ಬಂದದ್ದು ಎಲ್ಲರಿಗೂ ನೆನಪಿದೆ.

ಹಾಗಾದರೆ ಪೆಟ್ಟಿಗೆಯ ಮೇಲಿನ 6500 ಎಂಬುದು ಏನು? ಅದೊಂದು ಉಪಮೆ. 6500 ಕೆಲ್ವಿನ್‌ಗೆ ಕಾದ ವಸ್ತು ಹೇಗೆ ಬೆಳಗುವುದೋ ಹಾಗೆ ಈ ದೀಪ ಬೆಳಗುವುದೆಂದು ಅದರ ತಾತ್ಪರ್ಯ. ಉಪಮೇಯ ದೀಪ, ಉಪಮಾನ ಕಾದ ವಸ್ತು, ಸಾಧಾರಣಧರ್ಮ ಕಣ್ಣಿಗೆ ತೋರುವ ಬಿಳುಪಿನ ಛಾಯೆ. ಉಪಮೆಯ ಮರ್ಯಾದೆ ಎಷ್ಟೆಂಬುದನ್ನು ಅಲಂಕಾರಶಾಸ್ತ್ರ ಓದಿದವರು ಬಲ್ಲರು. ಮುಖವು ಚಂದ್ರನಂತಿದೆಯೆಂದಾಗ ಕಾಂತಿಯೊಂದನ್ನೇ ಸ್ವೀಕರಿಸಬೇಕು. ಮುಖದಲ್ಲಿ ಚಂದ್ರನ ಕಲೆಯನ್ನು ಹುಡುಕಬಾರದು, ಅಮಾವಾಸ್ಯೆಯನ್ನಂತೂ ಹುಡುಕಲೇಬಾರದು. ಅಂತೆಯೇ ಎರಡು ದೀಪಗಳ ಮೇಲೆ ಒಂದೇ ಅಂಕಿ ಇದ್ದರೂ ಛಾಯೆಯೊಂದರಲ್ಲಿ ಮಾತ್ರ ಅವು ಸಮಾನ. ಆ ಬೆಳಕಿನ ಕೆಳಗೆ ಕೆಂಪು ಕೆಂಪಾಗಿಯೂ ಹಸುರು ಹಸುರಾಗಿಯೂ ಕಾಣುವುದೆಂಬ ಭರವಸೆ ಆ ಅಂಕಿಯಲ್ಲಿಲ್ಲ. ಈ ಮಾತನ್ನು ನಾನು ವಿಜ್ಞಾನ ಶಿಕ್ಷಕರಿಗೆ ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, "ಪಂಡಿತರೆ, ಇದನ್ನು ನಾನು ಹತ್ತನೆಯ ಇಯತ್ತೆಗೆ ಹೀಗೆಯೇ ಕಲಿಸುತ್ತೇನೆ" ಎಂದರು. ಶಾಲೆಯಲ್ಲಿ ನನಗೆ ದೊರೆತ ಪ್ರಶಸ್ತಿಗಳಲ್ಲಿ ಅದೂ ಒಂದು.

ಉಪಮೆಯ ಈ ಮಿತಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಬ್ಯಾಡಗಿಯ ಮೆಣಸಿನಕಾಯಿ. ನನ್ನ ಹುಟ್ಟೂರು ಬ್ಯಾಡಗಿಯ ಹತ್ತಿರದ್ದು. ಆ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತದ್ದು ಖಾರಕ್ಕಾಗಿ ಅಲ್ಲ. ಅದರ ಖಾರ ಸೌಮ್ಯ, ಬಣ್ಣ ಗಾಢ. ಡಬ್ಬಿ, ಕಡ್ಡಿ ಎಂಬ ಎರಡು ಬಗೆಯಲ್ಲಿಯೂ ಬೆಲೆ ಕಟ್ಟುವುದು ಮುಖ್ಯವಾಗಿ ಕೆಂಪಿಗೆ. ಅದರಿಂದ ತೆಗೆದ ಬಣ್ಣದ ಸಾರ ಆಹಾರಪದಾರ್ಥಗಳಿಗೂ ಸೌಂದರ್ಯಸಾಧನಗಳಿಗೂ ಹೋಗುತ್ತದೆ. ನಾನು ಬಾಲ್ಯದಲ್ಲಿ ಕಂಡ ಅನುಭವಿ ವ್ಯಾಪಾರಿಗಳು ಮಾಲನ್ನು ಅಂಗಡಿಯ ದೀಪದ ಕೆಳಗೆ ನೋಡಿ ಬೆಲೆ ಹೇಳುತ್ತಿರಲಿಲ್ಲ. ಒಂದು ಹಿಡಿ ತೆಗೆದುಕೊಂಡು ಬಾಗಿಲಾಚೆ ಹಗಲಿಗೆ ಬರುತ್ತಿದ್ದರು. ದೀಪ ಸುಳ್ಳು ಹೇಳೀತೆಂಬುದು ಅವರಿಗೆ ಶಾಸ್ತ್ರವಿಲ್ಲದೆಯೇ ತಿಳಿದಿತ್ತು.

ಆದುದರಿಂದ ಮನೆಯಿಂದ ಒಂದು ಹಿಡಿ ಡಬ್ಬಿ ಮೆಣಸಿನಕಾಯಿ ತಂದು, ದಾರದಲ್ಲಿ ಪೋಣಿಸಿ, ತೊಟ್ಟಿಯ ಗಾಜಿಗೆ ತಗಲುಹಾಕಿದೆ. ಮಕ್ಕಳು ದೃಷ್ಟಿ ತೆಗೆಯಲಿಕ್ಕೆಂದು ಭಾವಿಸಿದರು. 10000ದ ದೀಪದಲ್ಲಿ ಕಾಯಿಗಳು ಕಪ್ಪಡರಿದಂತೆ ಕಂಡವು. ಕತ್ತಿಬಾಲದ ಕೆಂಪು ಮೀನು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. 3000ದಲ್ಲಿ ಕಾಯಿ ಚೆಲುವಾಗಿ ಕಂಡಿತು, ಆದರೆ ಹಸುರು ಗಿಡಗಳು ನೀರಿಲ್ಲದ ಹೊಲದಂತೆ ಹಳದಿಗಟ್ಟಿದವು, ನೀರು ಚಹದಂತೆ ತೋರಿತು. 6500ರಲ್ಲಿ ನೀರು ತಿಳಿಯಾಯಿತು, ಗಿಡ ಹಸುರಾಯಿತು. ಕೆಂಪು ಮಾತ್ರ ಮಂಕು. ಆಗ ಹಾವೇರಿಯ ಬೇರೊಂದು ಅಂಗಡಿಯಿಂದ ಇನ್ನೊಂದು 6500ರ ದೀಪ ತರಿಸಿದೆವು. ಬಿಳುಪು ಅದೇ, ಅಂಕಿ ಅದೇ. ಆದರೆ ಕಾಯಿ ಬಾಗಿಲಾಚೆಯ ಹಗಲಿನಲ್ಲಿ ಕಾಣುವಂತೆಯೇ ಕಂಡಿತು.

ಎರಡರ ವ್ಯತ್ಯಾಸ ಪೆಟ್ಟಿಗೆಯ ಮೂಲೆಯಲ್ಲಿತ್ತು. ಎರಡನೆಯದರ ಮೇಲೆ ಸಿ.ಆರ್.ಐ. 90ಕ್ಕಿಂತ ಹೆಚ್ಚೆಂದು ಮುದ್ರಿಸಿತ್ತು. ಮೊದಲನೆಯದರ ಮೇಲೆ ಆ ಮಾತೇ ಇರಲಿಲ್ಲ. ಬಣ್ಣಗಳನ್ನು ನಿಜವಾಗಿ ತೋರಿಸುವ ಶಕ್ತಿಗೆ ನೂರಕ್ಕೆ ಎಷ್ಟು ಅಂಕಗಳೆಂದು ಹೇಳುವ ಸೂಚ್ಯಂಕ ಅದು. ನಾವು ಶಿಕ್ಷಕರು ಗಮನಿಸತಕ್ಕ ಸಂಗತಿಯೊಂದು ಇದರಲ್ಲಿದೆ. ಆ ಅಂಕವನ್ನು ಎಂಟು ತಿಳಿಬಣ್ಣಗಳ ಸರಾಸರಿಯಿಂದ ಕಟ್ಟುತ್ತಾರೆ. ಗಾಢವಾದ ಕೆಂಪು ಒಂಬತ್ತನೆಯದು. ಅದಕ್ಕೆ ಆ ಸರಾಸರಿಯಲ್ಲಿ ಸ್ಥಾನವಿಲ್ಲ. ಆದುದರಿಂದ ಕೆಂಪಿನಲ್ಲಿ ಸಂಪೂರ್ಣ ಅನುತ್ತೀರ್ಣವಾದ ದೀಪವೂ 80 ಅಂಕ ಪಡೆದು ಪ್ರಥಮ ಶ್ರೇಣಿಯಲ್ಲಿ ಬಂದೀತು. ಬ್ಯಾಡಗಿಯ ಕಾಯಿ ಪರೀಕ್ಷೆಯ ಪಠ್ಯಕ್ರಮದಲ್ಲಿಯೇ ಇಲ್ಲ! ಆ ಒಂಬತ್ತನೆಯ ಅಂಕವನ್ನು ಬೇರೆಯಾಗಿ ಕೇಳಿ ಕೊಳ್ಳಬೇಕು. ಕೇಳಿದರೆ ಸಿಗದಿದ್ದಲ್ಲಿ ಕಾಯಿಯನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಬೇಕು.

ದಾನಿಗಳಿಗೆ ಮಾತ್ರ 10000ದ ನೀಲಿಬಿಳುಪೇ ಬೇಕಾಗಿತ್ತು. ಬೆಂಗಳೂರಿನ ಹೊಟೇಲೊಂದರಲ್ಲಿ ಅವರು ಅಂತಹ ತೊಟ್ಟಿಯನ್ನು ಕಂಡಿದ್ದರು. ಕಡಲ ತಳದಂತೆ ಇರುತ್ತದೆಯೆಂದು ಅವರ ವರ್ಣನೆ. ಕೊಟ್ಟವರ ಇಚ್ಛೆಯನ್ನು ಮೀರುವುದು ಹೇಗೆಂದು ಮುಖ್ಯೋಪಾಧ್ಯಾಯರಿಗೆ ಸಂಕೋಚ. ಅವರ ಇಚ್ಛೆಯಲ್ಲಿಯೂ ಒಂದು ನ್ಯಾಯವಿತ್ತು, ಅದನ್ನು ಮರೆಮಾಚಬಾರದು. ನೀರು ಬೆಳಕಿನಲ್ಲಿಯ ಕೆಂಪನ್ನು ಮೊದಲು ಹೀರಿಬಿಡುತ್ತದೆ. ಹತ್ತು ಮೀಟರಿನ ಆಳದಲ್ಲಿ ಕೆಂಪಿನ ಬಹುಭಾಗ ಇಲ್ಲವಾಗಿ ನೀಲಿ ಉಳಿಯುತ್ತದೆ. ಸರ್ ಸಿ. ವಿ. ರಾಮನ್ನರು 1921ರಲ್ಲಿ ಹಡಗಿನ ಪ್ರಯಾಣದಲ್ಲಿ ಕಡಲ ನೀಲಿಯನ್ನು ಕಂಡು, ಅದು ಆಕಾಶದ ಪ್ರತಿಬಿಂಬ ಮಾತ್ರವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಯೆಂದು ತೋರಿಸಿಕೊಟ್ಟದ್ದು ಪ್ರಸಿದ್ಧವಾಗಿದೆ. ಹವಳಗಳು ಆ ನೀಲಿಯಲ್ಲಿ ಹುಟ್ಟಿ ಬೆಳೆದವು. ಅವುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಆ ನೀಲಿಯನ್ನು ಉಂಡು ಹವಳವನ್ನೂ ಪೋಷಿಸುತ್ತದೆ. ಉಪ್ಪುನೀರಿನ ಹವಳದ ತೊಟ್ಟಿಗೆ 10000ದಿಂದ 20000 ಕೆಲ್ವಿನ್‌ವರೆಗಿನ ದೀಪ ಹಾಕುವುದು ಆ ಕಾರಣದಿಂದ.

ಆದರೆ ನಮ್ಮ ತೊಟ್ಟಿಯ ಆಳ ಒಂದೂವರೆ ಅಡಿ. ಅಷ್ಟರಲ್ಲಿ ನೀರು ಹೀರುವ ಕೆಂಪು ಲೆಕ್ಕಕ್ಕೆ ಬರುವಂತಹದಲ್ಲ. ನಮ್ಮ ಗಿಡಗಳು ಕಡಲಿನವಲ್ಲ. ಕೆರೆಯ ತಡಿಯ ತಿಳಿನೀರಿನಲ್ಲಿ ಹಗಲಿನ ಪೂರ್ಣ ಬೆಳಕನ್ನು ಕುಡಿದು ಬೆಳೆಯುವಂತಹವು. ಎಲೆಯ ಹಸುರು ದ್ರವ್ಯ ನೀಲಿಯನ್ನೂ ಕೆಂಪನ್ನೂ ಹೆಚ್ಚಾಗಿ ಹೀರುತ್ತದೆ; ಎರಡೂ ಬೆರೆತಿರುವ, 5000ದಿಂದ 7000 ಕೆಲ್ವಿನ್ ನಡುವಿನ ಬಿಳಿಯ ಬೆಳಕು ಅವುಗಳಿಗೆ ಒಗ್ಗುತ್ತದೆ. ಗಿಡಕ್ಕೆ ಛಾಯೆಗಿಂತ ಮುಖ್ಯವಾದುದು ಬೆಳಕಿನ ಪ್ರಮಾಣ ಮತ್ತು ಅವಧಿ. ದಿನಕ್ಕೆ ಏಳೆಂಟು ಗಂಟೆ ಸಾಕು. ಹನ್ನೆರಡು ಗಂಟೆ ಉರಿಸಿದರೆ ಗಿಡಕ್ಕಿಂತ ಮೊದಲು ಪಾಚಿ ಕೊಬ್ಬುತ್ತದೆ. ಗಾಜು ಹಸುರಾಗುತ್ತದೆ, ಎಲೆಗಳ ಮೇಲೆ ಕೂದಲಿನಂತಹ ಲೇಪ ಹಬ್ಬುತ್ತದೆ. ಬೆಳಕು ಹೆಚ್ಚಾದಷ್ಟೂ ಒಳ್ಳೆಯದೆಂಬ ಭಾವನೆ ಉಪದೇಶದಲ್ಲಿ ಸರಿಯಿರಬಹುದು, ತೊಟ್ಟಿಯಲ್ಲಿ ಸರಿಯಲ್ಲ.

ಈ ಚರ್ಚೆಯಲ್ಲಿ ನನ್ನ ಕಣ್ಣುಗಳನ್ನು ನಾನೇ ಪೂರ್ತಿಯಾಗಿ ನಂಬುವಂತಿರಲಿಲ್ಲವೆಂಬುದನ್ನೂ ಹೇಳಬೇಕು. ಆಗ ನನ್ನ ಬಲಗಣ್ಣಿನ ಪೊರೆಯನ್ನು ತೆಗೆದು ಎರಡು ತಿಂಗಳಾಗಿತ್ತು. ಎಡಗಣ್ಣಿನ ಶಸ್ತ್ರಕ್ರಿಯೆ ಇನ್ನೂ ಆಗಿರಲಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ಅದು ಮೆಲ್ಲಮೆಲ್ಲನೆ ಆಗುವುದರಿಂದ ನಮಗೆ ತಿಳಿಯುವುದಿಲ್ಲ. ಪಟ್ಟಿ ಬಿಚ್ಚಿದ ದಿನ ಬಲಗಣ್ಣಿನಿಂದ ನನ್ನ ಅಂಗಿಯನ್ನು ನೋಡಿದರೆ ಹಾಲಿನಂತೆ ಬಿಳಿ. ಎಡಗಣ್ಣಿನಿಂದ ನೋಡಿದರೆ ಅದೇ ಅಂಗಿ ಹಳೆಯ ತಾಡವೋಲೆಯಂತೆ ಪಾಂಡು. ಅಮರಸಿಂಹನ ಎರಡು ಶಬ್ದಗಳು ನನ್ನ ಎರಡು ಕಣ್ಣುಗಳಲ್ಲಿ ನಿಂತಿದ್ದವು. ಎಷ್ಟು ವರ್ಷಗಳಿಂದ ಆ ಪಾಂಡುವನ್ನೇ ನಾನು ಬಿಳಿಯೆಂದು ಕರೆಯುತ್ತಿದ್ದೆನೋ! ತೊಟ್ಟಿಯ ಮುಂದೆ ಒಂದೊಂದೇ ಕಣ್ಣು ಮುಚ್ಚಿ ನೋಡಿದಾಗ ಒಂದೇ ದೀಪ ಎರಡು ದೀಪವಾಗುತ್ತಿತ್ತು. ನೋಡುವವನ ಕಣ್ಣಿಗೆ ಚೆಲುವಾಗಿ ಕಾಣುವುದೇ ಪ್ರಮಾಣವೆಂದರೆ, ಯಾರ ಕಣ್ಣು, ಯಾವ ವಯಸ್ಸಿನ ಕಣ್ಣು ಎಂಬ ಪ್ರಶ್ನೆ ಅನಿವಾರ್ಯವಾಗಿ ಏಳುತ್ತದೆ.

ಆ ಪ್ರಶ್ನೆಗೆ ಉತ್ತರ ಕೊಟ್ಟವನು ವಸತಿಗೃಹದಲ್ಲಿರುವ ಎಂಟನೆಯ ಇಯತ್ತೆಯ ಬಾಲಕ. ವರದಾ ದಂಡೆಯ ಹಳ್ಳಿಯವನು. ಮೀನುಗಳಿಗೆ ಆಹಾರ ಹಾಕುವ ಕೆಲಸವನ್ನು ತಾನಾಗಿ ಕೇಳಿ ಪಡೆದಿದ್ದ. ಮಿತಭಾಷಿ, ನನ್ನ ತರಗತಿಯಲ್ಲಿ ಹಿಂದಿನ ಸಾಲಿನವನು. ನಾವು ಮೂವರು ಶಿಕ್ಷಕರು ಕೆಂಪು, ನೀಲಿ, ಅಂಕಿಗಳೆಂದು ವಾದಿಸುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತು ಹೇಳಿದ ಮಾತು ಇಷ್ಟು: "ಸರ್, ಲೈಟ್ ಹಾಕಿದ ಕೂಡ್ಲೆ ಅವು ಗಿಡದ ಹಿಂದ ಓಡ್ತಾವ್ರಿ. ಅವಕ್ಕ ಕಣ್ಣ ಮುಚ್ಚಾಕ ಬರೂದಿಲ್ಲಲ್ರಿ."

ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಅಮರಕೋಶದ ನಾನಾರ್ಥವರ್ಗದಲ್ಲಿ 'ಅನಿಮಿಷ' ಶಬ್ದಕ್ಕೆ ದೇವತೆ, ಮೀನು ಎಂಬ ಎರಡು ಅರ್ಥಗಳಿವೆಯೆಂದು ನಾನು ಎಷ್ಟು ವರ್ಷಗಳಿಂದ ಪಾಠ ಹೇಳಿಲ್ಲ! ಹರಿಹರನ ರಗಳೆಯಲ್ಲಿ ಅಲ್ಲಮಪ್ರಭುವಿಗೆ ಲಿಂಗವನ್ನು ಕರುಣಿಸಿದ ಗುರುವಿನ ಹೆಸರೂ ಅನಿಮಿಷನೆಂದೇ. ಎವೆಯಿಕ್ಕದ ಕಣ್ಣು ಎಂಬುದನ್ನು ನಾನು ಒಂದು ಮಹಿಮೆಯೆಂದು ವಿವರಿಸುತ್ತಿದ್ದೆ. ಎವೆಯಿಲ್ಲದ ಜೀವಿಗೆ ಬೆಳಕಿನಿಂದ ತಪ್ಪಿಸಿಕೊಳ್ಳುವ ದಾರಿ ಓಟವೊಂದೇ ಎಂಬುದನ್ನು ಆ ಬಾಲಕ ದಿನಕ್ಕೆರಡು ಸಲ ತೊಟ್ಟಿಯ ಮುಂದೆ ಕುಳಿತು ಕಂಡುಕೊಂಡಿದ್ದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವಿದೆ. ಮೀನಿನ ಜಾತಿಗಳು, ಯಾವ ಮೀನಿಗೆ ಯಾವ ಆಹಾರವೆಂಬ ವಿವರಗಳು ಅದರಲ್ಲಿವೆ. ಅರಸನ ವಿನೋದಕ್ಕೂ ಮೀನಿನ ಸ್ವಭಾವವನ್ನು ಅರಿಯುವುದು ಅಗತ್ಯವಾಗಿತ್ತು. ನಮ್ಮ ಬಾಲಕನದು ವಿನೋದವಲ್ಲ, ಮಮತೆ.

ಬಣ್ಣದ ದೋಷವೋ ಪ್ರಮಾಣದ ದೋಷವೋ ಎಂಬುದನ್ನು ತಿಳಿಯಲು ವಿಜ್ಞಾನ ಶಿಕ್ಷಕರು ಅದೇ ದೀಪದ ಅರ್ಧಭಾಗಕ್ಕೆ ಕಾಗದ ಸುತ್ತಿದರು. ಮೀನುಗಳು ಸ್ವಲ್ಪ ಹೊತ್ತಿನಲ್ಲಿ ಹೊರಬಂದವು. ಮರುದಿನ ಮೊದಲು ಕೋಣೆಯ ದೀಪ ಹಚ್ಚಿ, ಕಾಲುಗಂಟೆ ಕಳೆದು ತೊಟ್ಟಿಯ ದೀಪ ಹಚ್ಚಿದರು. ಆ ದಿನ ಓಟವೇ ಇರಲಿಲ್ಲ. ಕತ್ತಲಿನಿಂದ ಒಮ್ಮೆಲೆ ಬರುವ ಪ್ರಖರತೆಯೇ ಅವುಗಳನ್ನು ಅಂಜಿಸುತ್ತಿತ್ತು. ಬಿಳುಪಿನ ಬಗೆ ಅದಕ್ಕೆ ಕಾರಣವಾಗಿರಲಿಲ್ಲ. ಮೀನಿಗೆ ಬೇಕಾದುದು ಮೃದುವಾದ ಉದಯ, ಮರೆಯಾಗಲು ಒಂದು ನೆರಳು, ಮತ್ತು ರಾತ್ರಿಯೆಂದರೆ ನಿಜವಾದ ರಾತ್ರಿ.

ದಾನಿಗಳು ನೋಡಲು ಬಂದ ದಿನ ನಾವು ಏನನ್ನೂ ವಾದಿಸಲಿಲ್ಲ. ದೀಪಗಳನ್ನು ಒಂದಾದ ಮೇಲೊಂದು ಹಚ್ಚಿ ತೋರಿಸಿದೆವು. 10000ದ ಬೆಳಕಿನಲ್ಲಿ ಅವರು ಮೀನುಗಳನ್ನು ನೋಡಲೇ ಇಲ್ಲ. ಗಾಜಿಗೆ ತೂಗುಬಿದ್ದಿದ್ದ ಮೆಣಸಿನಕಾಯಿಯ ಸರವನ್ನು ನೋಡಿದರು. ಅವರ ತಂದೆಯವರು ಬ್ಯಾಡಗಿಯಲ್ಲಿ ದಲಾಲಿ ಅಂಗಡಿ ನಡೆಸಿದವರು. "ಈ ಮಾಲು ನಮ್ಮಪ್ಪನ ಅಂಗಡಿಗೆ ಬಂದಿದ್ದರ ಹೊಳ್ಳಿ ಕಳಸ್ತಿದ್ರು" ಎಂದರು. ಅನಂತರ ಕೊನೆಯ ದೀಪ ಹಚ್ಚಿದಾಗ ಸರವನ್ನು ಕೈಯಲ್ಲಿ ಹಿಡಿದು, ಕಿಟಕಿಯ ಹಗಲಿಗೂ ತೊಟ್ಟಿಯ ಬೆಳಕಿಗೂ ಎರಡು ಸಲ ಹಿಡಿದು ನೋಡಿ, "ಇದನ್ನ ಹಾಕ್ರಿ" ಎಂದರು. ಬಾಲಕನ ಮಾತನ್ನು ಹೇಳಿದಾಗ ಅವನನ್ನು ಕರೆಸಿ ಬೆನ್ನು ತಟ್ಟಿದರು. ದೀಪದ ಪ್ರಖರತೆಯನ್ನು ಹೆಚ್ಚುಕಡಿಮೆ ಮಾಡುವ ಸಾಧನವನ್ನೂ, ಹೊತ್ತಿಗೆ ಸರಿಯಾಗಿ ಹೊತ್ತಿಸಿ ಆರಿಸುವ ಗಡಿಯಾರವನ್ನೂ ತಾವೇ ಕಳುಹಿಸಿಕೊಟ್ಟರು.

ಈಗ ವಾಚನಾಲಯದಲ್ಲಿ ಉರಿಯುತ್ತಿರುವುದು 6500 ಕೆಲ್ವಿನ್‌ನ, ಕೆಂಪನ್ನು ಕೆಂಪಾಗಿ ತೋರಿಸುವ ದೀಪ. ಬೆಳಗಿನ ಹತ್ತಕ್ಕೆ ಮಂದವಾಗಿ ಆರಂಭಿಸಿ ಸಂಜೆ ಐದೂವರೆಗೆ ಆರುತ್ತದೆ. ಒಂದು ಮೂಲೆಯಲ್ಲಿ ಅಂತರಗಂಗೆ ತೇಲುತ್ತ ನೆರಳು ಕೊಡುತ್ತದೆ; ಬಾರ್ಬ್ ಮೀನುಗಳು ಮಧ್ಯಾಹ್ನ ಅಲ್ಲಿ ವಿಶ್ರಮಿಸುತ್ತವೆ. ವ್ಯಾಲಿಸ್ನೇರಿಯಾದ ಎಲೆ ನೀರಿನ ಮೇಲ್ಮೈ ಮುಟ್ಟಿ ಬಾಗಿದೆ. ಕತ್ತಿಬಾಲದ ಮೀನು ಮರಿ ಹಾಕಿ, ಅವುಗಳಲ್ಲಿ ಕೆಲವು ಗಿಡಗಳ ಮರೆಯಲ್ಲಿ ಉಳಿದು ಬೆಳೆದಿವೆ. ಮನೆಯಲ್ಲಿ ತೊಟ್ಟಿ ಇಡಬಯಸುವ ಹಳೆಯ ವಿದ್ಯಾರ್ಥಿಗಳು ನನ್ನನ್ನು ಕೇಳಿದರೆ ಹೇಳುವುದಿಷ್ಟೆ: ಸಿಹಿನೀರು, ಹಸುರು ಗಿಡವಾದರೆ 6500ರ ಆಸುಪಾಸು; ಗಿಡವಿಲ್ಲದೆ ಮೀನು ಮಾತ್ರವಾದರೆ 4000ದಿಂದ 6500ರೊಳಗೆ ಮನಸ್ಸಿಗೆ ಬಂದದ್ದು, ಆದರೆ ಮಂದವಾಗಿ; ಹವಳವಾದರೆ ಮಾತ್ರ ನೀಲಿಬಿಳುಪು. ಯಾವುದೇ ಇರಲಿ, ಬಣ್ಣ ತೋರಿಸುವ ಅಂಕವನ್ನು ಬೇರೆಯಾಗಿ ನೋಡಿರಿ. ಏಳೆಂಟು ಗಂಟೆಗಿಂತ ಹೆಚ್ಚು ಉರಿಸದಿರಿ. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ತೊಟ್ಟಿ ಇಡದಿರಿ.

ತೊಟ್ಟಿಯ ಕೆಲಸ ಮುಗಿದ ಮೇಲೆ ಅದೇ ಪ್ರಶ್ನೆ ನಮ್ಮನ್ನು ವಸತಿಗೃಹದವರೆಗೆ ಕರೆದೊಯ್ದಿತು. ಮಕ್ಕಳು ಮಲಗುವ ಕೋಣೆಗಳಲ್ಲಿ ಇದ್ದುದು ಅದೇ ತಂಪು ಬಿಳಿಯ ಉದ್ದನೆಯ ದೀಪಗಳು, ರಾತ್ರಿ ಹತ್ತರವರೆಗೆ. ನೀಲಿ ಹೆಚ್ಚಾಗಿರುವ ಪ್ರಖರ ಬೆಳಕು ರಾತ್ರಿ ಕಣ್ಣಿಗೆ ಬಿದ್ದರೆ, ನಿದ್ರೆಗೆ ಅನುವು ಮಾಡುವ ಮೆಲಟೋನಿನ್ ಎಂಬ ರಸದ ಸ್ರಾವ ತಗ್ಗುತ್ತದೆಯೆಂಬುದು ಈಗ ಚೆನ್ನಾಗಿ ತಿಳಿದಿರುವ ಸಂಗತಿ. ಮೀನಿಗೆ ರಾತ್ರಿ ಬೇಕೆಂದು ಗಡಿಯಾರ ಕಟ್ಟಿದ ನಾವು, ಮಕ್ಕಳಿಗೆ ಅದನ್ನು ಅಲ್ಲಗಳೆಯುವುದು ಹೇಗೆ? ಅಭ್ಯಾಸದ ಕೋಣೆಯಲ್ಲಿ ಹಗಲಿನ ಬಿಳಿಯನ್ನು ಉಳಿಸಿ, ಮಲಗುವ ಕೋಣೆಗಳಲ್ಲಿ 3000 ಕೆಲ್ವಿನ್‌ನ ಮಂದ ದೀಪಗಳನ್ನು ಹಾಕಿಸಿದೆವು. ತೊಟ್ಟಿಗೆ ಸಲ್ಲದ ಹೊಂಬಿಳುಪು ಹೀಗೆ ತನ್ನ ಸ್ಥಾನವನ್ನು ಕಂಡುಕೊಂಡಿತು. ಕೆಟ್ಟ ಬಿಳಿಯೆಂಬುದಿಲ್ಲ, ಸ್ಥಾನ ತಪ್ಪಿದ ಬಿಳಿಯುಂಟು. ಔಚಿತ್ಯವೇ ಕಾವ್ಯದ ಜೀವಿತವೆಂದು ಕ್ಷೇಮೇಂದ್ರನು ಪ್ರತಿಪಾದಿಸಿದ್ದು ದೀಪಗಳಿಗೂ ಅನ್ವಯಿಸುತ್ತದೆ.

ಕನ್ನಡ ನಾಡಿನ ಶಾಸನಗಳಲ್ಲಿ ನಂದಾದೀವಿಗೆಗೆ ದತ್ತಿ ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಅವುಗಳನ್ನು ಓದುವಾಗ ನನಗೆ ಮೆಚ್ಚುಗೆಯಾಗುವುದು ದಾನಿಯ ಔದಾರ್ಯಕ್ಕಿಂತ ಹೆಚ್ಚಾಗಿ ಅವನ ಎಚ್ಚರ. ಬೆಳಕಿಗೆಂದು ಹಣ ಕೊಟ್ಟೆನೆಂದು ಅವನು ಸುಮ್ಮನಾಗಲಿಲ್ಲ. ಯಾವ ಗಾಣದಿಂದ ಎಷ್ಟು ಎಣ್ಣೆ, ಯಾವ ದೇವರ ಮುಂದಿನ ದೀಪಕ್ಕೆ ಎಂಬುದನ್ನೂ ಕಲ್ಲಿನಲ್ಲಿ ಬರೆಸಿದ. ಶ್ರೀಮಠದ ವಿದ್ಯಾಸಂಸ್ಥೆ ಇಂದು ನಿಂತಿರುವುದು ಅಂತಹ ದಾನಿಗಳ ಪರಂಪರೆಯಿಂದ. ಕೊಡುವ ಮಹನೀಯರಲ್ಲಿ ನನ್ನ ವಿನಂತಿ ಒಂದೇ: ನೀವು ಕೊಡುವ ಬೆಳಕು ನೋಡುವವರಿಗೆ ಹೇಗೆ ಕಾಣುವುದೆಂದು ಕೇಳುವ ಮೊದಲು, ಅದರ ಕೆಳಗೆ ಬದುಕುವವರು ಯಾರೆಂದು ಕೇಳಿರಿ. ಅವರು ಬಾಯಿಲ್ಲದ ಮೀನುಗಳಿರಬಹುದು, ಹಿಂದಿನ ಸಾಲಿನಲ್ಲಿ ಕುಳಿತ ಮಿತಭಾಷಿ ಮಕ್ಕಳಿರಬಹುದು. ಅವರನ್ನು ಬಲ್ಲವರು ಒಬ್ಬರಾದರೂ ಬಾಗಿಲ ಬಳಿ ನಿಂತಿರುತ್ತಾರೆ. ಅವರ ಮಾತಿಗೆ ಕಿವಿಗೊಟ್ಟು ಹಚ್ಚಿದ ದೀಪ ಬಹುಕಾಲ ಬೆಳಗಲಿ ಎಂದು ಹಾರೈಸಿ ವಿರಮಿಸುತ್ತೇನೆ.